ತಾಯಿಯಿಲ್ಲದ ಮನೆಯ ಹುಡುಗಿ, ತೋಟದ ಮನೆಯ ಕಥೆಗಾರ್ತಿ: ಕೊಡಗಿನ ಗೌರಮ್ಮನ 27 ವರ್ಷ

ಕೊಡಗಿನ ಗೌರಮ್ಮ ಅಂದ ತಕ್ಷಣ ಜಿಲ್ಲೆಯ ಹೆಚ್ಚಿನವರಿಗೆ ನೆನಪಾಗೋದು ಎರಡೇ ವಿಷಯ. ಒಂದು, ಗಾಂಧೀಜಿ ನಮ್ಮ ಮನೆಗೂ ಬರಲೇಬೇಕು ಅಂತ ಊಟ ಬಿಟ್ಟು ಕೂತ ಹೆಣ್ಣುಮಗಳು. ಇನ್ನೊಂದು, ಈಜಲು ಹೋಗಿ ಹೊಳೆಯಲ್ಲಿ ಜೀವ ಬಿಟ್ಟ ಕಥೆಗಾರ್ತಿ. ಪ್ರತಿ ವರ್ಷ ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತು ಜಿಲ್ಲೆಯ ಲೇಖಕಿಯರಿಗೆ ಇವರ ಹೆಸರಿನಲ್ಲಿ ದತ್ತಿ ಪ್ರಶಸ್ತಿ ಕೊಡುತ್ತದೆ. ಆ ದಿನ ಭಾಷಣಗಳಲ್ಲಿ ಈ ಎರಡು ವಿಷಯ ಬಂದೇ ಬರುತ್ತವೆ.

ಆದರೆ ಗೌರಮ್ಮ ಬದುಕಿದ್ದು ಆ ಎರಡು ದಿನ ಮಾತ್ರ ಅಲ್ಲ. 27 ವರ್ಷದ ಬದುಕು ಅದು. ಅದರಲ್ಲಿ ಮಡಿಕೇರಿಯ ಮಳೆಯಲ್ಲಿ ಬೆಳೆದ ಒಬ್ಬ ಹುಡುಗಿ ಇದ್ದಾಳೆ. ಸುಂಟಿಕೊಪ್ಪ ಕಡೆಯ ಕಾಫಿ ತೋಟದ ಮನೆ ಇದೆ. ಗಂಡ ಇದ್ದಾರೆ, ಚಿಕ್ಕ ಮಗ ಇದ್ದಾನೆ. ಟೆನಿಸ್ ಬ್ಯಾಟ್ ಇದೆ, ಹೊಳೆ ಇದೆ, ದಿನದ ಮೂರು ಹೊತ್ತಿನ ಅಡುಗೆ ಇದೆ. ಇದೆಲ್ಲದರ ನಡುವೆ ಬರೆದ ಸುಮಾರು ಇಪ್ಪತ್ತು ಕಥೆಗಳಿವೆ. ಆ ಕಥೆಗಳು ಎಲ್ಲಿಂದ ಬಂದವು ಅಂತ ಹುಡುಕಿಕೊಂಡು ಹೋದರೆ ಬಂದು ನಿಲ್ಲೋದು ಮನೆಯ ಒಳಗೇ.

ಮಡಿಕೇರಿಯ ವಕೀಲರ ಮಗಳು

ಗೌರಮ್ಮ ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ತಂದೆ ಎನ್.ಎಸ್. ರಾಮಯ್ಯ ವಕೀಲರು. ತಾಯಿ ನಂಜಮ್ಮ.

ಆಗಿನ ಮಡಿಕೇರಿ ಈಗಿನ ಹಾಗೆ ಹೋಂಸ್ಟೇ ಬೋರ್ಡುಗಳ ಊರಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಮೇಲೆ ಕೊಡಗು ಬ್ರಿಟಿಷರ ನೇರ ಆಡಳಿತಕ್ಕೆ ಸೇರಿತ್ತು. ಮೈಸೂರಿನ ರೆಸಿಡೆಂಟರೇ ಕೊಡಗಿಗೂ ಚೀಫ್ ಕಮಿಷನರ್. ಊರಲ್ಲಿ ಕಮಿಷನರ್ ಕಚೇರಿ, ಕೋರ್ಟು, ಖಜಾನೆ. ಹಾಗಾಗಿ ಮಡಿಕೇರಿ ಅಂದರೆ ಗುಮಾಸ್ತರು, ವಕೀಲರು, ಮೇಷ್ಟ್ರುಗಳು, ಅಂಗಡಿಯವರು ಇದ್ದ ಸಣ್ಣ ಪೇಟೆ. ಸುತ್ತ ಕಾಫಿ ತೋಟಗಳ ಸಾಹೇಬರು. ವಕೀಲರ ಮನೆ ಅಂದರೆ ಪುಸ್ತಕ ಇರೋ ಮನೆ, ಜನ ಬಂದು ಹೋಗೋ ಮನೆ, ಓದು ಬರಹಕ್ಕೆ ಬೆಲೆ ಇರೋ ಮನೆ.

ಆ ಊರಿನ ಮಕ್ಕಳ ದಿನ ಹೇಗಿರುತ್ತಿತ್ತು ಅಂತ ಮಡಿಕೇರಿಯ ಹಿರಿಯರಿಗೆ ಹೊಸದಾಗಿ ಹೇಳಬೇಕಿಲ್ಲ. ಜೂನ್‌ನಲ್ಲಿ ಶುರುವಾದ ಮಳೆ ಸೆಪ್ಟೆಂಬರ್ ತನಕ ಬಿಡುತ್ತಿರಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳೋ ಊರು. ಒಗೆದ ಬಟ್ಟೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗಬೇಕು, ಹೊಗೆ ವಾಸನೆ ಹೊತ್ತೇ ಶಾಲೆಗೆ ಹೋಗಬೇಕು. ಮಳೆಗಾಲದ ಸಂಜೆ ಮಕ್ಕಳೆಲ್ಲ ಸೇರೋದು ಸೌದೆ ಒಲೆಯ ಹತ್ತಿರ. ಬೇಸಿಗೆಯಲ್ಲಿ ಒಣಗಿಸಿ ಇಟ್ಟ ಹಲಸಿನ ಬೀಜ ಕೆಂಡದಲ್ಲಿ ಸುಟ್ಟು ತಿನ್ನೋದು, ಹಪ್ಪಳ ಸುಡೋದು, ಬಿಸಿ ಅಕ್ಕಿ ರೊಟ್ಟಿ ಕಾವಲಿಯಿಂದ ಇಳಿಯೋದನ್ನ ಕಾಯೋದು. ಅನ್ನಕ್ಕೆ ಅಕ್ಕಿ ಹಿಟ್ಟು ಸೇರಿಸಿ ನಾದಿ ತಟ್ಟೋ ರೊಟ್ಟಿ ಇದು. ಕೊಡವರ ಮನೆಯಲ್ಲಿ, ಗೌಡರ ಮನೆಯಲ್ಲಿ, ಬ್ರಾಹ್ಮಣರ ಮನೆಯಲ್ಲಿ ಅದರ ಜೊತೆಗೆ ಬರೋ ಪಲ್ಯ ಬೇರೆ ಬೇರೆ ಇರಬಹುದು, ರೊಟ್ಟಿ ಮಾತ್ರ ಎಲ್ಲರದ್ದೂ.

ಮಳೆ ನಿಂತ ಮೇಲೆ ಊರು ಸುತ್ತೋ ಕಾಲ. ರಾಜಾಸೀಟ್‌ನಲ್ಲಿ ಸೂರ್ಯ ಮುಳುಗೋದು ನೋಡೋದು, ಲಿಂಗರಾಜ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಕೆರೆಯಲ್ಲಿ ಮೀನು ನೋಡೋದು, ಕೋಟೆಯ ಆನೆಗಳ ಪ್ರತಿಮೆ ಮುಟ್ಟಿ ಬರೋದು. ದಸರಾ ಬಂತಂದ್ರೆ ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ ನಾಲ್ಕು ಕರಗಗಳ ಹಿಂದೆ ಓಡೋದು. ಮಡಿಕೇರಿಯಲ್ಲಿ ಬೆಳೆದ ಯಾವ ಮಗುವಿಗೂ ಇದಿಷ್ಟು ತಪ್ಪಿದ್ದಲ್ಲ.

ಗೌರಮ್ಮನಿಗೆ ತಪ್ಪಿದ್ದು ಬೇರೆ. ಎಳೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು.

ಆ ಕಾಲದಲ್ಲಿ ತಾಯಿ ಇಲ್ಲದ ಮನೆ ಅಂದರೆ ಏನು ಅಂತ ಸ್ವಲ್ಪ ಯೋಚನೆ ಮಾಡಿ ನೋಡಿ. ಹೋಟೆಲಿಂದ ಊಟ ತರಿಸೋ ಕಾಲ ಅಲ್ಲ. ಬೆಳಿಗ್ಗೆ ಒಲೆ ಹೊತ್ತಿಸೋದರಿಂದ ಹಿಡಿದು ರಾತ್ರಿ ಮಗುವಿಗೆ ಹೊದಿಸೋವರೆಗೆ ಎಲ್ಲವೂ ತಾಯಿಯ ಕೈಯಲ್ಲಿ ನಡೆಯುತ್ತಿದ್ದ ಮನೆಗಳು. ಆ ಕೈ ಇಲ್ಲದ ಮೇಲೆ ಅಡುಗೆ ಯಾರಾದರೂ ಮಾಡಿಯಾರು, ತಲೆಯೂ ಯಾರಾದರೂ ಬಾಚಿಯಾರು. ಶಾಲೆಯಿಂದ ಬಂದ ಮಗುವಿನ ಮುಖ ನೋಡಿ ಇವತ್ತು ಏನೋ ಆಗಿದೆ ಅಂತ ಕಂಡು ಹಿಡಿಯೋರು ಯಾರು? ಅಂಥ ಮನೆಯ ಮಕ್ಕಳು ಬೇಗ ಎರಡು ವಿಷಯ ಕಲಿಯುತ್ತಾರೆ. ತಮ್ಮ ಕೆಲಸ ತಾವೇ ಮಾಡಿಕೊಳ್ಳೋದು ಒಂದು, ದೊಡ್ಡವರ ಮುಖ ಓದೋದು ಇನ್ನೊಂದು. ಮುಂದೆ ಗೌರಮ್ಮ ಬರೆದ ಕಥೆಗಳಲ್ಲಿ ಮಾತಾಡದೆ ಕೂತ ಹೆಂಗಸಿನ ಮುಖವನ್ನ ಅಷ್ಟು ಸರಿಯಾಗಿ ಹಿಡಿದದ್ದು ಓದುವಾಗ ಈ ಬಾಲ್ಯ ನೆನಪಿಗೆ ಬರುತ್ತದೆ.

ತಂದೆ ಮಗಳನ್ನು ಮನೆಯಲ್ಲಿ ಕೂರಿಸಲಿಲ್ಲ. ಮಡಿಕೇರಿಯಲ್ಲೇ ಶಾಲೆಗೆ ಕಳಿಸಿದರು. ಇಂಗ್ಲಿಷ್ ಬಂತು, ಕನ್ನಡ ಗಟ್ಟಿಯಾಯಿತು, ಹಿಂದಿಯನ್ನೂ ಕಲಿತರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರೆ ಗಂಡನ ಮನೆಯಲ್ಲಿ ಬಗ್ಗೋದಿಲ್ಲ ಅಂತ ನಂಬಿದ್ದ ಜನ ಊರಲ್ಲಿ ಬೇಕಾದಷ್ಟಿದ್ದ ಕಾಲ ಅದು.

ಸುಂಟಿಕೊಪ್ಪದ ತೋಟಕ್ಕೆ

ಹದಿಹರೆಯದಲ್ಲೇ ಮದುವೆ ಆಯಿತು. ಹುಡುಗಿಗೆ ಕನಿಷ್ಠ 14 ವರ್ಷ ಆಗಿರಬೇಕು ಅನ್ನೋ ಶಾರದಾ ಕಾಯ್ದೆ ಪಾಸಾದದ್ದು 1929ರಲ್ಲಿ, ಜಾರಿಗೆ ಬಂದದ್ದು 1930ರ ಏಪ್ರಿಲ್‌ನಲ್ಲಿ. ಗೌರಮ್ಮನ ಮದುವೆ ಅದಕ್ಕೂ ಮೊದಲಿನದು. ಗಂಡ ಬಿ.ಟಿ. ಗೋಪಾಲಕೃಷ್ಣ. ಸುಂಟಿಕೊಪ್ಪ ಹತ್ತಿರ ಗುಂಡುಗುಟ್ಟಿ ಮಂಜುನಾಥಯ್ಯನವರ ಕಾಫಿ ತೋಟದಲ್ಲಿ ಮ್ಯಾನೇಜರ್. ಹಾಗೆ ಪೇಟೆಯ ಹುಡುಗಿ ತೋಟದ ಮನೆಗೆ ಬಂದಳು.

ಮಡಿಕೇರಿಯಿಂದ ಸುಂಟಿಕೊಪ್ಪ ಈಗ ಬಸ್ಸಲ್ಲಿ ಅರ್ಧ ಗಂಟೆಯ ದಾರಿ. ಆಗ ಪೇಟೆ ಬದುಕಿಗೂ ತೋಟದ ಬದುಕಿಗೂ ಇದ್ದ ದೂರ ಅದಕ್ಕಿಂತ ದೊಡ್ಡದು. ಪೇಟೆಯಲ್ಲಿ ಬಾಗಿಲು ತೆಗೆದರೆ ಬೀದಿ, ಪಕ್ಕದ ಮನೆಯವರು. ತೋಟದಲ್ಲಿ ಬಾಗಿಲು ತೆಗೆದರೆ ಬೆಳ್ಳಿಮರ, ಕಾಫಿ ಗಿಡ, ಲೈನ್ ಮನೆಗಳು. ಮುಂಜಾನೆ ಕೆಲಸದವರ ಹಾಜರಿ ತೆಗೆಯೋದರಿಂದ ಮ್ಯಾನೇಜರ್ ಮನೆಯ ದಿನ ಶುರು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗೆ ಆಕಾಶ ನೋಡೋದು. ಹೂಮಳೆ ಬಂದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ ಮನೆಯೊಳಗೆ ತನಕ. ನವೆಂಬರ್ ಬಂದರೆ ಕೊಯ್ಲು, ಕಣದ ತುಂಬ ಕಾಫಿ ಹಣ್ಣು. ಕೊಯ್ಲಿನ ತಿಂಗಳುಗಳಲ್ಲಿ ಗಂಡಸರು ಯಾವ ಹೊತ್ತಿಗೆ ಊಟಕ್ಕೆ ಬರುತ್ತಾರೆ ಅಂತ ಹೇಳೋ ಹಾಗಿಲ್ಲ. ಅನ್ನ ಬಿಸಿ ಇಟ್ಟು ಕಾಯೋದು ಮನೆಯಲ್ಲಿ ಇರೋರ ಪಾಲಿಗೆ.

1930ರ ದಶಕ ತೋಟದವರಿಗೆ ಸುಲಭದ ಕಾಲವೂ ಅಲ್ಲ. ಜಗತ್ತಿನಾದ್ಯಂತ ಆರ್ಥಿಕ ಕುಸಿತ ಬಂದು ಕಾಫಿ ಬೆಲೆ ಬಿದ್ದಿತ್ತು. ಬೆಳೆಗಾರರನ್ನು ಉಳಿಸಿಕೊಳ್ಳೋಕೆ ಸರ್ಕಾರ 1935ರಲ್ಲಿ ಕಾಫಿ ಸೆಸ್ ಕಾಯ್ದೆ ತಂದದ್ದು ಇದೇ ಹಿನ್ನೆಲೆಯಲ್ಲಿ. ಮಲೇರಿಯಾ ಬೇರೆ. ತೋಟದ ಮನೆಗಳಲ್ಲಿ ಜ್ವರ ಬಂದರೆ ಕ್ವಿನೈನ್ ಬಿಟ್ಟರೆ ದೇವರೇ ಗತಿ ಅನ್ನೋ ಪರಿಸ್ಥಿತಿ.

ಈ ಮನೆಯಲ್ಲೇ ಗೌರಮ್ಮ ತಾಯಿಯಾದರು. ತಾಯಿಯ ಕೈತುತ್ತು ಬೇಗ ಕಳೆದುಕೊಂಡ ಹುಡುಗಿ ಈಗ ಮಗನಿಗೆ ಕೈತುತ್ತು ಕೊಡೋ ಅಮ್ಮ.

ತೋಟದ ಮನೆಯ ಊಟದ ಕ್ಯಾಲೆಂಡರ್

ಕೊಡಗಿನ ತೋಟದ ಮನೆಯಲ್ಲಿ ಏನು ಅಡುಗೆ ಅಂತ ನಿರ್ಧಾರ ಮಾಡೋದು ಅಂಗಡಿ ಅಲ್ಲ, ಕಾಲ. ವಾರದ ಸಂತೆಯಿಂದ ಬೇಳೆ, ಉಪ್ಪು, ಬೆಲ್ಲ, ಸೀಮೆಎಣ್ಣೆ ಬರುತ್ತೆ. ಉಳಿದದ್ದು ಹಿತ್ತಲು, ಗದ್ದೆ, ಕಾಡು ಕೊಡಬೇಕು.

ಮಳೆ ಹಿಡಿದ ಮೇಲೆ ಕಣಿಲೆ. ಎಳೆ ಬಿದಿರು ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿಟ್ಟರೆ ಮಾತ್ರ ಕಹಿಯೂ ವಿಷವೂ ಹೋಗೋದು. ಅವಸರ ಮಾಡಿದರೆ ಹೊಟ್ಟೆ ಕೆಡೋದು ಗ್ಯಾರಂಟಿ. ಆಮೇಲೆ ಕೆಸುವಿನ ಎಲೆಯ ಪತ್ರೊಡೆ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು. ಅವತ್ತು ಮದ್ದು ಸೊಪ್ಪಿಗೆ ಹದಿನೆಂಟು ಬಗೆಯ ಔಷಧ ಗುಣ ಸೇರುತ್ತೆ ಅನ್ನೋದು ನಂಬಿಕೆ. ಸೊಪ್ಪು ಬೇಯಿಸಿದ ನೀರು ಗಾಢ ನೇರಳೆ ಬಣ್ಣ. ಅದರಲ್ಲೇ ಅಕ್ಕಿ ಹಾಕಿ ಪಾಯಸ, ಇಲ್ಲಾಂದ್ರೆ ಹಿಟ್ಟು ಮಾಡಿ ಜೇನುತುಪ್ಪ, ತುಪ್ಪದ ಜೊತೆ ತಿನ್ನೋದು. ಮಾರನೇ ದಿನ ಬಚ್ಚಲಿಗೆ ಹೋದ ಮಕ್ಕಳು ಮೂತ್ರದ ಬಣ್ಣ ನೋಡಿ ಗಾಬರಿಯಾಗಿ ಓಡಿ ಬರೋದು, ದೊಡ್ಡವರು ನಗೋದು. ಕೊಡಗಿನ ಮನೆ ಮನೆಯಲ್ಲೂ ತಲೆಮಾರಿನಿಂದ ನಡೆಯೋ ತಮಾಷೆ ಇದು.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ, ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಹುತ್ತರಿ. ಹುತ್ತರಿಗೆ ಬಾಳೆಹಣ್ಣು ಕಿವುಚಿ ಹುರಿದ ಅಕ್ಕಿ ಹುಡಿ ಸೇರಿಸಿ ಮಾಡೋ ತಂಬಿಟ್ಟು. ಚಳಿ ಬಂದರೆ ಕೊಡಗಿನ ಕಿತ್ತಳೆ, ಕಾಫಿ ಗಿಡಗಳ ನಡುವೆಯೇ ಹಣ್ಣಾಗಿ ತೂಗೋದು. ಮಕ್ಕಳು ಕಿತ್ತಳೆ ಸಿಪ್ಪೆ ಹಿಂಡಿ ಒಬ್ಬರ ಕಣ್ಣಿಗೆ ಒಬ್ಬರು ಹಾರಿಸೋದು. ಬೇಸಿಗೆಗೆ ಹಲಸು, ಕಾಡುಮಾವು. ಇಷ್ಟು ಹೇಳಿದರೆ ವರ್ಷ ಮುಗಿಯಿತು.

ಈ ಅಡುಗೆ ತಿಂದವರಿಗೆ ರುಚಿ ನೆನಪಿರುತ್ತೆ. ಮಾಡಿದವರ ದಿನ ಹೇಗೆ ಹೋಯಿತು ಅನ್ನೋದು ನೆನಪಿರೋದು ಕಡಿಮೆ. ಮನೆಯ ಹೆಂಗಸಿನ ದಿನ ಅಡುಗೆಯಿಂದ ಅಡುಗೆಗೆ ಅಳೆದಿಟ್ಟ ದಿನ. ಅದರ ನಡುವೆ ಬಿಡುವು ಅನ್ನೋದು ತಾನಾಗಿ ಸಿಗೋದಿಲ್ಲ, ಹಟ ಹಿಡಿದು ಮಾಡಿಕೊಳ್ಳಬೇಕು. ಗೌರಮ್ಮ ಹಾಗೆ ಮಾಡಿಕೊಂಡ ಬಿಡುವಿನಲ್ಲೇ ಬರೆದರು, ಆಡಿದರು, ಈಜಿದರು.

ಸೀರೆಯುಟ್ಟ ಟೆನಿಸ್ ಆಟಗಾರ್ತಿ

ತೊಂಬತ್ತು ವರ್ಷದ ಹಿಂದೆ ಕೊಡಗಿನ ಕ್ಲಬ್ಬುಗಳಲ್ಲಿ ಟೆನಿಸ್ ಆಡುತ್ತಿದ್ದದ್ದು ಹೆಚ್ಚಾಗಿ ತೋಟದ ಸಾಹೇಬರು, ಅವರ ಮೇಡಂಗಳು. ಮಧ್ಯಮ ವರ್ಗದ ಬ್ರಾಹ್ಮಣ ಮನೆಯ ಸೊಸೆ, ಒಂದು ಮಗುವಿನ ತಾಯಿ, ಬ್ಯಾಟ್ ಹಿಡಿದು ಅಂಗಳಕ್ಕೆ ಇಳಿಯೋದು ಯಾರೂ ನೋಡಿರದ ವಿಷಯ. ಗೌರಮ್ಮ ಟೆನಿಸ್ ಆಡಿದರು. ಈಜು ಕಲಿತರು, ಹೊಳೆಗೆ ಇಳಿದು ಈಜಿದರು.

ಗಂಡ ಬೇಡ ಅಂದಿದ್ದರೆ ಇದು ಯಾವುದೂ ಆಗ್ತಿರಲಿಲ್ಲ. ಆ ಕಾಲದ ಗಂಡಸರಲ್ಲಿ ಹೆಂಡತಿಯ ಹೆಸರು ಪತ್ರಿಕೆಯಲ್ಲಿ ಬರೋದನ್ನ ಅವಮಾನ ಅಂತ ತಿಳಿದವರೇ ಹೆಚ್ಚು. ಗೋಪಾಲಕೃಷ್ಣ ಅವರ ಮನೆಯಲ್ಲಿ ಹಾಗಿರಲಿಲ್ಲ. ಹೆಂಡತಿ ಕಥೆ ಬರೆದು ದೂರದ ಧಾರವಾಡದ ಪತ್ರಿಕೆಗಳಿಗೆ ಕಳಿಸಿದರು, ಕವಿಗಳ ಜೊತೆ ಪತ್ರ ವ್ಯವಹಾರ ಮಾಡಿದರು. ಮನೆಗೆ ಅಂಚೆಯವನು ತರುತ್ತಿದ್ದ ಕಾಗದಗಳು ಹೆಂಡತಿಯ ಹೆಸರಿಗೂ ಬರುತ್ತಿದ್ದವು.

ಆದರೂ ಕಥೆಗಳ ಕೆಳಗೆ ಇದ್ದ ಹೆಸರು ನೋಡಿ: ಶ್ರೀಮತಿ ಬಿ.ಟಿ.ಜಿ. ಕೃಷ್ಣ. ಗಂಡನ ಹೆಸರಿನ ಅಕ್ಷರಗಳೇ ಅವು. ಗೌರಮ್ಮ ಅನ್ನೋ ಸ್ವಂತ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಕೊಡಗಿನ ಗೌರಮ್ಮ ಅಂತ ಈಗ ನಾವು ಕರೆಯೋ ಹೆಸರು ಗಟ್ಟಿಯಾದದ್ದು ಓದುಗರ ಬಾಯಲ್ಲಿ.

ಊಟ ಬಿಟ್ಟ ದಿನ

1933ರ ನವೆಂಬರ್‌ನಲ್ಲಿ ಗಾಂಧೀಜಿ ವಾರ್ಧಾದಿಂದ ಹರಿಜನ ಪ್ರವಾಸ ಹೊರಟರು. ಅಸ್ಪೃಶ್ಯತೆ ಹೋಗಬೇಕು ಅಂತ ಒಂಬತ್ತು ತಿಂಗಳು ದೇಶ ಸುತ್ತಿದ ಪ್ರವಾಸ ಅದು, ಸುಮಾರು 12,500 ಮೈಲಿ. 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದರು. ಗುಂಡುಗುಟ್ಟಿ ಮಂಜುನಾಥಯ್ಯನವರ ತೋಟದಲ್ಲೂ ಉಳಿದುಕೊಂಡರು. ಮಂಜುನಾಥಯ್ಯನವರು ಕಾಂಗ್ರೆಸ್ ಕೆಲಸದಲ್ಲಿ ಮುಂದಿದ್ದವರು.

ಮ್ಯಾನೇಜರ್ ಮನೆ ಅದೇ ತೋಟದಲ್ಲಿ. ಗಾಂಧೀಜಿ ಯಜಮಾನರ ಮನೆಗೆ ಬಂದಿದ್ದಾರೆ, ನಮ್ಮ ಮನೆಗೂ ಬರಬೇಕು ಅನ್ನೋದು ಗೌರಮ್ಮನ ಹಟ. ಗಾಂಧೀಜಿಗೆ ಒಂದೊಂದು ನಿಮಿಷಕ್ಕೂ ಕಾರ್ಯಕ್ರಮ. ಮ್ಯಾನೇಜರ್ ಹೆಂಡತಿಯ ಆಸೆಗೆ ಯಾರು ಸಮಯ ಕೊಡ್ತಾರೆ? ಗೌರಮ್ಮ ಗಾಂಧೀಜಿಯ ದಾರಿಯನ್ನೇ ಹಿಡಿದರು. ಬರೋ ತನಕ ಊಟ ಮಾಡೋದಿಲ್ಲ ಅಂತ ಉಪವಾಸ ಕೂತರು. ಆಗ ಅವರಿಗೆ 22 ವರ್ಷ.

ವಿಷಯ ಗಾಂಧೀಜಿಯ ಕಿವಿಗೆ ಬಿತ್ತು. ಬಂದರು. ಮನೆಯೊಳಗೆ ಬಂದ ಗಾಂಧೀಜಿಗೆ ಗೌರಮ್ಮ ತಮ್ಮ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಉಳಿಸಿಕೊಂಡದ್ದು ಮಾಂಗಲ್ಯ, ಮೂಗುತಿ, ಓಲೆ.

ಇಲ್ಲಿ ಒಂದು ಮಾತು. ಹೆಂಗಸರು ಒಡವೆ ಕೊಟ್ಟರೆ ಗಾಂಧೀಜಿ ಸುಮ್ಮನೆ ತಗೊಂಡು ಹೋಗ್ತಿರಲಿಲ್ಲ. ಮನೆಯವರ ಒಪ್ಪಿಗೆ ಇದೆಯಾ ಅಂತ ಕೇಳ್ತಿದ್ದರು. ಕೊಟ್ಟದ್ದಕ್ಕೆ ಬದಲು ಹೊಸದು ಮಾಡಿಸಿಕೊಳ್ಳಬಾರದು ಅನ್ನೋ ಮಾತನ್ನೂ ತಗೊಳ್ತಿದ್ದರು. ಆ ಕಾಲದಲ್ಲಿ ಒಡವೆ ಅಂದರೆ ಹೆಣ್ಣಿಗೆ ಇದ್ದ ಒಂದೇ ಉಳಿತಾಯ. ಬ್ಯಾಂಕ್ ಖಾತೆ ಇಲ್ಲ, ಆಸ್ತಿಯಲ್ಲಿ ಪಾಲಿಲ್ಲ, ಸಂಬಳ ಇಲ್ಲ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ, ಇನ್ನೂ ಸಣ್ಣ ವಯಸ್ಸಿನಲ್ಲಿ, ಆ ಉಳಿತಾಯವನ್ನು ಕೊಟ್ಟುಬಿಟ್ಟರು. ಚಿನ್ನದ ಅಂಗಡಿ ಇಟ್ಟವರಿಗೆ, ಮನೆಯಲ್ಲಿ ಹೆಣ್ಣುಮಕ್ಕಳಿರೋರಿಗೆ ಇದರ ತೂಕ ಬೇರೆಯವರು ಬಿಡಿಸಿ ಹೇಳಬೇಕಿಲ್ಲ.

ಅಡುಗೆ ಮನೆ ಬಾಗಿಲಲ್ಲಿ ಹುಟ್ಟಿದ ಕಥೆ

1932ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಗೆ ಬಂದಿತ್ತು. ಡಿ.ವಿ. ಗುಂಡಪ್ಪನವರು ಅಧ್ಯಕ್ಷರು. ಬ್ರಿಟಿಷರ ಕೊಡಗು, ಮೈಸೂರು ರಾಜ್ಯ, ಮುಂಬಯಿ ಪ್ರಾಂತ್ಯದ ಧಾರವಾಡ, ಮದ್ರಾಸು ಪ್ರಾಂತ್ಯದ ಮಂಗಳೂರು ಅಂತ ಕನ್ನಡ ನಾಡು ಹರಿದು ಹಂಚಿದ್ದ ದಿನಗಳು. ಪತ್ರಿಕೆಗಳೇ ಈ ತುಂಡುಗಳನ್ನು ಸೇರಿಸುತ್ತಿದ್ದದ್ದು. ಸುಂಟಿಕೊಪ್ಪದ ತೋಟದಲ್ಲಿ ಬರೆದ ಕಥೆ ಧಾರವಾಡದ ಜಯಕರ್ನಾಟಕದಂಥ ಪತ್ರಿಕೆಯಲ್ಲಿ ಅಚ್ಚಾಗಿ ಎಲ್ಲೆಲ್ಲೋ ಇದ್ದ ಹೆಂಗಸರ ಕೈ ಸೇರುತ್ತಿತ್ತು.

ಗೌರಮ್ಮನ ಕಥೆಗಳಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಮನೆಯಲ್ಲಿ ನಡೆಯೋದೇ ಕಥೆ. ವಿಧವೆಯ ಮರುಮದುವೆ, ವರದಕ್ಷಿಣೆ, ಮೋಸ ಹೋದ ಹುಡುಗಿಯನ್ನು ಮನೆಯಿಂದ ಹೊರಗೆ ಹಾಕೋದು, ಗೆಳತಿಯರ ನಡುವಿನ ಕಾಗದಗಳು. ಒಂದು ಕಥೆಯ ಹೆಸರೇ ಅಪರಾಧಿ ಯಾರು. ತಪ್ಪು ಮಾಡಿದವನು ಊರಲ್ಲಿ ಆರಾಮಾಗಿ ಓಡಾಡ್ತಾನೆ, ಶಿಕ್ಷೆ ಮಾತ್ರ ಹೆಣ್ಣಿಗೆ. ಯಾಕೆ ಅಂತ ಕೇಳುತ್ತೆ ಕಥೆ. ಗದರೋದಿಲ್ಲ, ಉಪದೇಶ ಮಾಡೋದಿಲ್ಲ. ಕೇಳಿ ಸುಮ್ಮನಾಗುತ್ತೆ. ಓದಿದವರು ಸುಮ್ಮನಾಗೋಕೆ ಆಗೋದಿಲ್ಲ.

ಹೆಚ್ಚು ಜನ ಓದಿರೋ ಕಥೆ ವಾಣಿಯ ಸಮಸ್ಯೆ. ಇಂದು ಅನ್ನೋ ಚಿಕ್ಕ ವಯಸ್ಸಿನ ವಿಧವೆಯ ಪಕ್ಕದ ಮನೆಗೆ ವಾಣಿ ಮತ್ತು ಆಕೆಯ ಗಂಡ ಬರುತ್ತಾರೆ. ವಾಣಿಗೆ ಮನೆ ಕೆಲಸದಲ್ಲಿ ಅಷ್ಟು ಗಮನವಿಲ್ಲ. ಇಂದುವಿಗೆ ಅದೇ ಆಸೆ, ಆದರೆ ನೋಡಿಕೊಳ್ಳೋಕೆ ಅವಳಿಗೆ ತನ್ನದು ಅಂತ ಸಂಸಾರವೇ ಇಲ್ಲ. ಪಕ್ಕದ ಮನೆಯ ಸಣ್ಣಪುಟ್ಟ ಕೆಲಸಕ್ಕೆ ಅವಳ ಕೈ ತಾನಾಗಿ ಹೋಗುತ್ತೆ. ಅಲ್ಲಿಂದ ತೊಡಕು ಶುರು. ಒಂದು ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ, ಯಾರ ಊಟದ ಬಗ್ಗೆ ಯಾರು ಯೋಚನೆ ಮಾಡುತ್ತಾರೆ ಅನ್ನೋ ಸಣ್ಣ ವಿಷಯದಲ್ಲೇ ಮೂರು ಜನರ ಬದುಕು ಅಲ್ಲಾಡೋದನ್ನ ಗೌರಮ್ಮ ತೋರಿಸಿದರು. ವಿಧವೆಗೆ ಮತ್ತೆ ಮದುವೆ ಇಲ್ಲ ಅನ್ನೋ ಕಟ್ಟಳೆ ಎಷ್ಟು ಕ್ರೂರ ಅನ್ನೋದು ಆ ಕಥೆಯಲ್ಲಿ ಭಾಷಣದ ಮೂಲಕ ತಿಳಿಯೋದಲ್ಲ, ಇಂದುವಿನ ಕೈಗಳ ಮೂಲಕ ತಿಳಿಯೋದು.

ಧಾರವಾಡದ ವರಕವಿ ದ.ರಾ. ಬೇಂದ್ರೆ ಈ ತೋಟದ ಮನೆಯ ಬರಹಗಾರ್ತಿಯನ್ನು ತಂಗಿ ಅಂತ ಕಂಡರು. ತಾಯಿ ಇಲ್ಲದೆ ಬೆಳೆದ ಹುಡುಗಿಗೆ ಅಕ್ಷರದ ಮೂಲಕ ಸಿಕ್ಕ ಅಣ್ಣ ಅವರು.

1939ರ ಏಪ್ರಿಲ್

1939ರ ಏಪ್ರಿಲ್ 13. ಬಿಸಿಲಿನ ಕಾಲ. ಗೌರಮ್ಮ ಎಂದಿನ ಹಾಗೆ ಹೊಳೆಗೆ ಈಜಲು ಹೋದರು. ಸುಳಿಗೆ ಸಿಕ್ಕಿದರು. ವಾಪಸ್ ಬರಲಿಲ್ಲ.

ವಯಸ್ಸು 27. ಈಜು ಬಾರದೆ ಸತ್ತವರಲ್ಲ ಅವರು, ಈಜು ಚೆನ್ನಾಗಿ ಬರುತ್ತಿದ್ದವರು. ಏಪ್ರಿಲ್‌ನಲ್ಲಿ ಕೊಡಗಿನ ಹೊಳೆಗಳು ಮೇಲಿಂದ ನೋಡೋಕೆ ಸಪ್ಪೆ. ಅಲ್ಲಲ್ಲಿ ಕಲ್ಲು ಕಾಣುತ್ತೆ, ಮೊಣಕಾಲು ನೀರು ಅನ್ನಿಸುತ್ತೆ. ಬಂಡೆಯ ಪಕ್ಕದ ಗುಂಡಿಗಳು, ಒಳಸುಳಿಗಳು ಕಾಣೋದಿಲ್ಲ. ಈಗಲೂ ಬೇಸಿಗೆ ರಜೆಯಲ್ಲಿ ಹಾರಂಗಿ, ಕಾವೇರಿ ದಡದಿಂದ ಬರೋ ಸುದ್ದಿಗಳು ಇಂಥವೇ. ಈಜು ಬರುತ್ತೆ ಅನ್ನೋ ಧೈರ್ಯ ಹೊಳೆಗೆ ಗೊತ್ತಾಗೋದಿಲ್ಲ.

ಮನೆಯಲ್ಲಿ ಚಿಕ್ಕ ಮಗ ಉಳಿದ. ತಾಯಿ ಬಾಲ್ಯದಲ್ಲಿ ಕಂಡದ್ದನ್ನೇ ಮಗನೂ ಕಂಡ. ಒಂದೇ ಕುಟುಂಬದಲ್ಲಿ ಎರಡು ತಲೆಮಾರಿನ ಮಕ್ಕಳು ತಾಯಿ ಇಲ್ಲದೆ ಬೆಳೆದರು. ಗೌರಮ್ಮನ ಸಾವನ್ನು ಕನ್ನಡ ಸಾಹಿತ್ಯಕ್ಕೆ ಆದ ನಷ್ಟ ಅಂತ ಬರೆಯುತ್ತೇವೆ. ಅದು ನಿಜ. ಆದರೆ ಮೊದಲ ನಷ್ಟ ಆದದ್ದು ಸಂಜೆ ಅಮ್ಮ ಬರುತ್ತಾಳೆ ಅಂತ ಕಾದ ಒಂದು ಮಗುವಿಗೆ, ಊಟಕ್ಕೆ ಕಾದ ಒಂದು ಮನೆಗೆ.

ಬೇಂದ್ರೆಯವರು ತಂಗಿಯ ಸಾವಿಗೆ ಕವಿತೆ ಬರೆದು ಅತ್ತರು. ಗೌರಮ್ಮನ ಕಥೆಗಳು ಕಂಬನಿ, ಚಿಗುರು ಎಂಬ ಎರಡು ಸಂಕಲನಗಳಾಗಿ ಓದುಗರಿಗೆ ಸಿಕ್ಕವು. ಬರೆಯೋಕೆ ಅವರಿಗೆ ಸಿಕ್ಕ ಕಾಲ ಹೆಚ್ಚೆಂದರೆ ಏಳೆಂಟು ವರ್ಷ. ಆದರೂ ಆ ಕಾಲದ ಸಣ್ಣಕಥೆಯ ಮಾತು ಬಂದಾಗ ಮಾಸ್ತಿ, ಆನಂದ ಅಂತ ಗಂಡಸರ ಹೆಸರಿನ ಸಾಲಿನಲ್ಲಿ ಈ ಒಂದು ಹೆಣ್ಣಿನ ಹೆಸರು ಬಂದೇ ಬರುತ್ತೆ.

ಈಗ ಯಾಕೆ ಓದಬೇಕು

ಗೌರಮ್ಮ ಮತ್ತೆ ಸುದ್ದಿಗೆ ಬಂದದ್ದು ಮಡಿಕೇರಿಯವರೇ ಆದ ದೀಪಾ ಭಾಸ್ತಿ ಅವರಿಂದ. ಗೌರಮ್ಮನ ಕಥೆಗಳನ್ನು ಅವರು ಇಂಗ್ಲಿಷ್‌ಗೆ ಅನುವಾದಿಸಿದ ಪುಸ್ತಕ 2023ರಲ್ಲಿ ಬಂತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಇದೇ ದೀಪಾ ಭಾಸ್ತಿ ಅವರು ಬಾನು ಅವರ ಜೊತೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದದ್ದು ಇಡೀ ಜಿಲ್ಲೆಗೆ ಗೊತ್ತು. ಬೂಕರ್‌ಗೆ ಮೊದಲು ಅವರ ಕೈ ಹಿಡಿದ ಕೆಲಸಗಳಲ್ಲಿ ಸುಂಟಿಕೊಪ್ಪದ ತೋಟದ ಮನೆಯ ಕಥೆಗಳೂ ಇದ್ದವು ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಬಾನು ಮುಷ್ತಾಕ್ ಬರೆಯೋದು ಹಾಸನದ ಮುಸ್ಲಿಂ ಮನೆಗಳ ಹೆಂಗಸರ ಬಗ್ಗೆ, ಗೌರಮ್ಮ ಬರೆದದ್ದು ತೊಂಬತ್ತು ವರ್ಷದ ಹಿಂದಿನ ಹಿಂದೂ ಮನೆಗಳ ಬಗ್ಗೆ. ಮನೆ ಬೇರೆ, ಕಾಲ ಬೇರೆ. ಬಾಗಿಲ ಹಿಂದೆ ಕೇಳೋ ಪ್ರಶ್ನೆ ಮಾತ್ರ ತುಂಬ ಹತ್ತಿರದ್ದು.

ಅಂಗಡಿ ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಅರ್ಧ ಗಂಟೆ ಸಿಕ್ಕರೆ ಗೌರಮ್ಮನ ಒಂದು ಕಥೆ ಓದಬಹುದು, ಅಷ್ಟೇ ಉದ್ದ ಅವು. ವಾಣಿಯ ಸಮಸ್ಯೆಯಿಂದ ಶುರು ಮಾಡಿ. ಲೈಬ್ರರಿಯಲ್ಲಿ ಶ್ರೀಮತಿ ಬಿ.ಟಿ.ಜಿ. ಕೃಷ್ಣ ಅಂತ ಕೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ, ಕೊಡಗಿನ ಗೌರಮ್ಮ ಅಂತ ಕೇಳಿ. ಓದುವಾಗ ಒಂದು ವಿಷಯ ಗಮನಿಸಿ. ಆ ಕಥೆಗಳಲ್ಲಿ ದೊಡ್ಡ ಮಾತುಗಳು ಬರೋದೇ ಅಪರೂಪ. ಯಾರೋ ಕಾಗದ ಬರೀತಾ ಇರ್ತಾರೆ, ಯಾರೋ ಊಟಕ್ಕೆ ಕಾಯ್ತಾ ಇರ್ತಾರೆ, ಯಾರೋ ಬಾಗಿಲ ಹತ್ತಿರ ನಿಂತಿರ್ತಾರೆ. ನಿಮ್ಮ ಮನೆಯಲ್ಲೂ ಇವತ್ತು ಅಂಥವರು ಒಬ್ಬರು ಇರಬಹುದು. ಮನೆಯ ಹುಡುಗಿ ನೋಟ್‌ಬುಕ್‌ನ ಕೊನೆ ಪುಟದಲ್ಲಿ ಏನೋ ಗೀಚುತ್ತಾ ಕೂತಿದ್ದರೆ, ಮೊದಲು ಪಾತ್ರೆ ತೊಳಿ ಅಂತ ಎಬ್ಬಿಸೋ ಮುಂಚೆ ಏನು ಬರೀತಿದ್ದಾಳೆ ಅಂತ ಒಮ್ಮೆ ಕೇಳಿ.